ತೂಬಿನ ಹಕ್ಕಿಯ ವಯಸ್ಸು

ಕಳೆದ ಚಳಿಗಾಲದಲ್ಲಿ ಸುಮಾರು ಹದಿನೈದು ದಿನ ನಮ್ಮ ಮನೆಗೆ ಬಂದವರಿಗೆ ಮೊದಲು ಕಾಫಿ ಸಿಗಲಿಲ್ಲ, ಗೋಡೆ ಸಿಕ್ಕಿತು. ಗೋಡೆಯ ಮೇಲೆ ಒಂದು ಪ್ರಶಂಸಾಪತ್ರ. ಅದಕ್ಕೆ ಮುಳಬಾಗಿಲಿನಲ್ಲಿ ಕಟ್ಟು ಹಾಕಿಸಿ, ಗಾಜು ಕೂರಿಸಿ, ನಮ್ಮ ತಂದೆಯ ಫೋಟೋವನ್ನು ಒಂದು ಗೇಣು ಪಕ್ಕಕ್ಕೆ ಸರಿಸಿ, ನಟ್ಟನಡುವೆ ನೇತುಹಾಕಿದ್ದೆ. ತಂದೆ ಬದುಕಿದ್ದಾಗಲೂ ನನಗೆ ಜಾಗ ಬಿಟ್ಟುಕೊಡುತ್ತಿದ್ದವರೇ, ಈಗಲೂ ಬೇಸರ ಮಾಡಿಕೊಂಡಂತೆ ಕಾಣಲಿಲ್ಲ. ಪತ್ರದಲ್ಲಿ ಇಂಗ್ಲಿಷಿನಲ್ಲಿ ಇದ್ದದ್ದರ ಸಾರಾಂಶ ಇಷ್ಟು: ಈ ಮಹನೀಯರು ಒಂದು ಹಕ್ಕಿಯ ಕಾಲಿನ ಉಂಗುರವನ್ನು ಓದಿ ತಿಳಿಸಿ, ವಲಸೆ ಹಕ್ಕಿಗಳ ಆಯಸ್ಸಿನ ಅಧ್ಯಯನಕ್ಕೆ ದೊಡ್ಡ ಉಪಕಾರ ಮಾಡಿದ್ದಾರೆ.

"ಮೂವತ್ತೆರಡು ವರ್ಷ ಮಕ್ಕಳಿಗೆ ಪಾಠ ಹೇಳಿದ್ದಕ್ಕೆ ಒಂದು ಶಾಲು ಹೊದಿಸಿ ಕಳಿಸಿದ್ರು. ಒಂದು ಹಕ್ಕಿ ಕಾಲು ನೋಡಿದ್ದಕ್ಕೆ ಗಾಜಿನ ಫ್ರೇಮು" ಎಂದಳು ನನ್ನ ಹೆಂಡತಿ ಸರೋಜ. "ಮೊದಲೇ ಗೊತ್ತಿದ್ದಿದ್ರೆ ಅಷ್ಟು ವರ್ಷಾನೂ ಕಾಲೇ ನೋಡ್ಕೊಂಡಿರಬಹುದಾಗಿತ್ತು."

ಈಗ ಬಂದವರಿಗೆ ನೇರವಾಗಿ ಕಾಫಿಯನ್ನೇ ಕೊಡುತ್ತೇನೆ. ಪತ್ರ ಗೋಡೆಯ ಮೇಲೆ ಇನ್ನೂ ಇದೆ, ಮೊಳೆ ಕಿತ್ತರೆ ಗಾರೆ ಉದುರುತ್ತದೆ ಎಂಬ ಒಂದೇ ಕಾರಣಕ್ಕೆ. ಇವತ್ತು ಹಬ್ಬಕ್ಕೆಂದು ಧೂಳು ಹೊಡೆಯುವ ಕೆಲಸ ನನ್ನ ಪಾಲಿಗೆ ಬಂತು. ಗಾಜು ಒರೆಸುತ್ತಾ, ಯಾರೂ ಕೇಳದಿದ್ದರೂ, ಅದರ ಕಥೆಯನ್ನು ನಿಮಗೆ ಹೇಳಬೇಕೆನಿಸಿತು.

ನಮ್ಮೂರು ತಾಯಲೂರಿಗೆ ಹತ್ತಿರ. ಊರಿಗೊಂದು ಕೆರೆ ಇದೆ. ನಮ್ಮ ಜಿಲ್ಲೆಯಲ್ಲಿ ಕೆರೆ ಇಲ್ಲದ ಊರನ್ನು ಹುಡುಕುವುದು ಕಷ್ಟ, ನೀರಿರುವ ಕೆರೆಯನ್ನು ಹುಡುಕುವುದು ಅದಕ್ಕಿಂತ ಕಷ್ಟವಾಗಿತ್ತು. ಈಗ ಆ ಕಷ್ಟ ತೀರಿದೆ. ಬೆಂಗಳೂರಿನವರು ಸ್ನಾನ ಮಾಡಿ, ಬಟ್ಟೆ ಒಗೆದು, ಹೇಳಬಾರದ್ದನ್ನೂ ಮುಗಿಸಿ ಬಿಟ್ಟ ನೀರನ್ನು ತೊಳೆದು, ಪೈಪಿನಲ್ಲಿ ನಮಗೆ ಕಳಿಸುತ್ತಾರೆ. ರಾಜಧಾನಿಯ ತೀರ್ಥ ಎಂದು ನಾವೂ ಕಣ್ಣಿಗೊತ್ತಿಕೊಂಡಿದ್ದೇವೆ. ಒಂದೇ ಷರತ್ತು: ಈ ನೀರನ್ನು ತೂಬು ತೆಗೆದು ಗದ್ದೆಗೆ ಬಿಡಬಾರದು. ಅದು ಕೆರೆಯಲ್ಲಿ ಸುಮ್ಮನೆ ನಿಂತು, ಇಂಗಿ, ನಮ್ಮ ಬೋರ್‌ವೆಲ್ಲುಗಳಿಗೆ ತಾನಾಗಿ ಇಳಿದು ಬರಬೇಕು. ಹಾಗಾಗಿ ಏರಿಯ ಬುಡದಿಂದ ಗದ್ದೆಗೆ ನೀರು ಬಿಡುತ್ತಿದ್ದ ಆ ತೂಬು ಈಗ ಮುಚ್ಚಿದೆ.

ತೂಬು ಮುಚ್ಚಿದ ಮೇಲೆ ನೀರುಗಂಟಿಗೆ ಏನು ಕೆಲಸ? ನಮ್ಮೂರ ನೀರುಗಂಟಿ ಪಿಳ್ಳಪ್ಪ. ಯಾವ ಗದ್ದೆಗೆ ಯಾವ ಹೊತ್ತಿನಲ್ಲಿ ಎಷ್ಟು ನೀರು ಎಂದು ತೀರ್ಮಾನಿಸುವುದು ಅವನ ಮನೆತನದ ಕೆಲಸ. ಅವನ ಅಪ್ಪನೂ ಅದನ್ನೇ ಮಾಡಿದ, ತಾತನೂ ಅದನ್ನೇ ಮಾಡಿದ. ಇವತ್ತಿಗೂ ಬೆಳಿಗ್ಗೆ ಎದ್ದು, ಹೆಗಲ ಮೇಲೆ ಸನಿಕೆ ಇಟ್ಟುಕೊಂಡು, ಏರಿಯ ಉದ್ದಕ್ಕೂ ನಡೆದುಹೋಗಿ ಮುಚ್ಚಿದ ತೂಬನ್ನು ನೋಡಿಕೊಂಡು ಬರುತ್ತಾನೆ. ನಿವೃತ್ತಿಯಾದ ಹೊಸದರಲ್ಲಿ ನಾನು ಸ್ಕೂಲಿನ ಗೇಟಿನವರೆಗೆ ವಾಕಿಂಗ್ ಹೋಗುತ್ತಿದ್ದೆನಲ್ಲ, ಹಾಗೆ. ಅವನು ನನಗಿಂತ ಎಂಟು ವರ್ಷ ದೊಡ್ಡವನು. ಆದರೂ ಅವನ ಬಾಯಲ್ಲಿ ನಾನು 'ಮೇಷ್ಟ್ರೇ, ನೀವು', ನನ್ನ ಬಾಯಲ್ಲಿ ಅವನು 'ಪಿಳ್ಳಪ್ಪ, ನೀನು'. ಈ ವ್ಯಾಕರಣವನ್ನು ನಾನು ಬರೆದದ್ದಲ್ಲ. ತಿದ್ದುವುದಕ್ಕೂ ಹೋಗಿಲ್ಲ.

ಆ ತೂಬು ಮುಚ್ಚಿದ್ದರೂ ಸೋರುತ್ತದೆ. ಒಂದು ಬೆರಳಿನಷ್ಟು ನೀರು ಸದಾ ಕಾಲುವೆಗೆ ಜಿನುಗಿ, ಅಲ್ಲೊಂದು ಪುಟ್ಟ ಕೆಸರು ಹೊಂಡ ಆಗಿದೆ. ಇದನ್ನು ಯಾಕೆ ಮುಚ್ಚಿಲ್ಲ ಎಂದು ಯಾರಾದರೂ ಕೇಳಿದರೆ ಪಿಳ್ಳಪ್ಪ, "ಅದು ಹಕ್ಕಿ ಪಾಲು" ಎನ್ನುತ್ತಾನೆ. ಜೀವನವಿಡೀ ನೀರು ಪಾಲು ಮಾಡಿದವನು, ಒಂದು ಪಾಲು ಕಡಿಮೆ ಮಾಡು ಎಂದರೆ ಕೇಳುವುದಿಲ್ಲ.

ಆ ಹಕ್ಕಿ ಗೊರವ ಜಾತಿಯದು. ಪಾರಿವಾಳಕ್ಕಿಂತ ಚಿಕ್ಕದು, ಬೆನ್ನು ಕಪ್ಪು, ಹೊಟ್ಟೆ ಬಿಳಿ, ಉದ್ದನೆಯ ಕೊಕ್ಕು. ನೀರಿನಂಚಿನಲ್ಲಿ ನಡೆಯುತ್ತಾ ಹಿಂಭಾಗವನ್ನು ಮೇಲೆ ಕೆಳಗೆ ಆಡಿಸುತ್ತಿರುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಉತ್ತರದ ಹಿಮದ ನಾಡಿನಿಂದ ಬಂದು, ಬೇಸಿಗೆ ಕಾಲಿಡುವಾಗ ಹೊರಟುಹೋಗುತ್ತದೆ. ಇದಿಷ್ಟು ನನ್ನ ಪುಸ್ತಕದ ಜ್ಞಾನ. ಪಿಳ್ಳಪ್ಪ ಅದನ್ನು ತೂಬಿನ ಹಕ್ಕಿ ಎಂದು ಕರೆಯುತ್ತಾನೆ, ಅದು ತೂಬಿನ ಹತ್ತಿರ ಇರುತ್ತದೆ ಎಂಬ ಅವೈಜ್ಞಾನಿಕ ಕಾರಣಕ್ಕೆ.

ತುಂಬಾ ವರ್ಷಗಳ ಹಿಂದೆ ಒಂದು ದಿನ ಅವನು ನಮ್ಮ ಜಗಲಿಯ ಕೆಳಗೆ ನಿಂತು ಹೇಳಿದ. "ಮೇಷ್ಟ್ರೇ, ತೂಬಿನ ಹಕ್ಕಿ ಬಂದೈತೆ. ಹೋದೊರ್ಸ ಬಂದಿತ್ತಲ್ಲ, ಅದೇ."

"ಅದೇ ಅಂತ ನಿನಗೆ ಹೇಗೆ ಗೊತ್ತು?"

"ಅದೇ ಕಲ್ಲ ಮೇಲೆ ಕುಂತ್ಕಂತೈತೆ. ಬ್ಯಾರೆ ಹಕ್ಕಿ ಬಂದ್ರೆ ಓಡಿಸ್ತೈತೆ. ಅದೇ ಕದಾ ಮೇಷ್ಟ್ರೇ, ಇನ್ಯಾವುದು?"

ಅವನನ್ನು ನಿಲ್ಲಿಸಿಕೊಂಡೇ ನಾನು ಅರ್ಧ ಗಂಟೆ ಪಾಠ ಮಾಡಿದೆ. ಹಿಮದ ನಾಡು ಎಲ್ಲಿ, ನಮ್ಮೂರು ಎಲ್ಲಿ, ಮಧ್ಯೆ ಎಷ್ಟು ಪರ್ವತ, ಎಷ್ಟು ಮರುಭೂಮಿ. ಅಂಗೈಯಗಲದ ಹಕ್ಕಿ ಅದನ್ನೆಲ್ಲ ದಾಟಿ, ತಾಯಲೂರು ಹೋಬಳಿಯ ಒಂದು ಸೋರುವ ತೂಬನ್ನು ನೆನಪಿಟ್ಟುಕೊಂಡು ಬರುತ್ತದೆಯೇ? ಮುಳಬಾಗಿಲಿನಲ್ಲಿ ಇಳಿಯಬೇಕಾದ ನಾನೇ ಬಸ್ಸಿನಲ್ಲಿ ನಿದ್ದೆಹೋಗಿ ಎರಡು ಸಲ ನಂಗಲಿಯಲ್ಲಿ ಇಳಿದಿದ್ದೇನೆ. ಆ ಜಾತಿಯ ಹಕ್ಕಿಗಳೆಲ್ಲ ಒಂದೇ ಥರ ಕಾಣುತ್ತವೆ ಪಿಳ್ಳಪ್ಪ, ಗುರುತು ಇಲ್ಲದೆ ಇದೇ ಅದು ಅನ್ನುವುದು ವಿಜ್ಞಾನ ಅಲ್ಲ ಎಂದು ಮುಗಿಸಿದೆ. ಪಾಠ ಚೆನ್ನಾಗಿ ಬಂತು ಎಂದು ನನಗೇ ಅನಿಸಿತು. ಅವನು 'ಗುರುತು' ಎಂಬ ಒಂದೇ ಪದವನ್ನು ಕಟ್ಟಿಕೊಂಡು ಹೋದ.

ಹಳೇ ನೋಟು ರದ್ದಾಗಿ ಊರಿಗೆ ಊರೇ ಬ್ಯಾಂಕಿನ ಮುಂದೆ ಸಾಲು ನಿಂತಿದ್ದ ದಿನಗಳವು. ಪಿಳ್ಳಪ್ಪನ ಬಳಿ ಬದಲಾಯಿಸುವಂಥದ್ದು ಏನೂ ಇರಲಿಲ್ಲವಾಗಿ ಅವನು ಕಾಲುವೆಯ ಹತ್ತಿರ ಇದ್ದ. ಮೀನಿಗೆ ಹಾಕಿದ್ದ ಬಲೆಗೆ ಈ ಹಕ್ಕಿ ಸಿಕ್ಕಿಕೊಂಡಿತು. ಸುಟ್ಟುಹೋದ ಬೋರ್‌ವೆಲ್ ಮೋಟಾರಿನಿಂದ ಬಿಚ್ಚಿ ಎಸೆದಿದ್ದ ತಾಮ್ರದ ತಂತಿಯಲ್ಲಿ ಒಂದು ತುಂಡು ಕತ್ತರಿಸಿ, ಕೊನೆಗಳು ಚುಚ್ಚದಂತೆ ತೂಬಿನ ಕಲ್ಲಿಗೆ ಉಜ್ಜಿ ನಯ ಮಾಡಿ, ಹಕ್ಕಿಯ ಎಡಗಾಲಿಗೆ ಸಡಿಲವಾಗಿ ಸುತ್ತಿ ಬಿಟ್ಟ. ನೇರ ನಮ್ಮ ಮನೆಗೆ ಬಂದು, "ಮೆಟ್ಟೆ ಹಾಕಿ ಬಿಟ್ಟಿದ್ದೀನಿ ಮೇಷ್ಟ್ರೇ. ಬರೋ ವರ್ಷ ನೋಡೋಣ" ಎಂದ. ತೆಲುಗಿನಲ್ಲಿ ಮೆಟ್ಟೆ ಎಂದರೆ ಕಾಲುಂಗುರ.

"ಮುತ್ತೈದೆ ಮಾಡಿ ಕಳಿಸಿದ್ಯಾ? ಹೆಣ್ಣೋ ಗಂಡೋ ನೋಡಿದ್ಯಾ ಪಿಳ್ಳಪ್ಪ?" ಎಂದು ಸರೋಜ ಒಳಗಿನಿಂದ ಕೇಳಿದಳು.

"ಅದ್ ನೋಡ್ಲಿಲ್ಲ ಅಮ್ಮಾ" ಎಂದ ಅವನು, ದೊಡ್ಡ ತಪ್ಪು ಮಾಡಿದವನ ಹಾಗೆ.

ಇಲ್ಲಿ ಸ್ವಲ್ಪ ನಮ್ಮ ಅಜ್ಜಿಯ ವಿಷಯ ಹೇಳಬೇಕು. ಅಜ್ಜಿ ಮನೆಯ ಒಂದೊಂದು ಪಾತ್ರೆಗೂ ಹೆಸರು ಹೊಡೆಸುತ್ತಿದ್ದಳು. ಸಂತೆಯಲ್ಲಿ ಕೂತ ಮನುಷ್ಯ ಉಳಿ ಸುತ್ತಿಗೆ ಹಿಡಿದು ಚುಕ್ಕೆ ಚುಕ್ಕೆಯಾಗಿ ತಾತನ ಹೆಸರು, ಊರು, ಇಸವಿ ಹೊಡೆದುಕೊಡುತ್ತಿದ್ದ. ಮದುವೆ, ತಿಥಿ, ಸೀಮಂತ ಎಂದು ಪಾತ್ರೆಗಳು ಎರವಲು ಹೋಗುತ್ತಿದ್ದವು. ಕೆಲವು ಬರುತ್ತಿದ್ದವು, ಕೆಲವು ಬರುತ್ತಿರಲಿಲ್ಲ. ಅದರಿಂದಾಗಿ ಅಜ್ಜಿಗೆ ಒಂದು ಅಭ್ಯಾಸ: ಯಾರ ಮನೆಗೆ ಊಟಕ್ಕೆ ಹೋದರೂ ಪಾತ್ರೆಯ ಅಡಿ ತಿರುಗಿಸಿ ನೋಡುವುದು. ಒಮ್ಮೆ ಮಾಲೂರಿನಲ್ಲಿ ನೆಂಟರ ಮನೆಯ ಊಟ. ಪಾಯಸದ ಬೋಗುಣಿ ಬಂತು. ಅದರ ಸೊಂಟದ ಸೊಟ್ಟ ನೋಡಿದ ಕೂಡಲೇ ಅಜ್ಜಿಗೆ ಅನುಮಾನ. ಆದರೆ ತುಂಬಿದ ಬೋಗುಣಿಯನ್ನು ತಿರುಗಿಸುವುದು ಹೇಗೆ? ಅದು ಖಾಲಿಯಾಗಲೆಂದು ಅಜ್ಜಿ ಮೂರು ಸಲ ಪಾಯಸ ಹಾಕಿಸಿಕೊಂಡಳು, ನನಗೆ ನಾಲ್ಕು ಸಲ ಹಾಕಿಸಿದಳು. ಕೊನೆಗೆ ತಿರುಗಿಸಿದರೆ ತಾತನ ಹೆಸರು. ಹನ್ನೊಂದು ವರ್ಷ ಹಿಂದೆ ಶ್ರೀನಿವಾಸಪುರದ ಒಂದು ಮದುವೆಗೆ ಹೋಗಿದ್ದ ಬೋಗುಣಿ! ಅಲ್ಲಿಂದ ಮಾವಿನಕಾಯಿ ಉಪ್ಪಿನಕಾಯಿ ತುಂಬಿಕೊಂಡು ಕೋಲಾರಕ್ಕೆ, ಕೋಲಾರದಿಂದ ಬಾಣಂತಿಯ ಜೊತೆ ಮಾಲೂರಿಗೆ. ಇಷ್ಟನ್ನೂ ಅಜ್ಜಿ ಎಲೆ ಎತ್ತುವುದರೊಳಗೆ ಪತ್ತೆಮಾಡಿದಳು. ಇವತ್ತು ಹಕ್ಕಿಗಳ ಕಾಲಿಗೆ ನಂಬರಿನ ಬಳೆ ಹಾಕಿ, ಅವು ಎಲ್ಲಿಗೆ ಹೋದವು, ಎಷ್ಟು ವರ್ಷ ಬದುಕಿದವು ಎಂದು ತಿಳಿಯುವುದಕ್ಕೆ ಡಾಕ್ಟರೇಟ್ ಕೊಡುತ್ತಾರೆ. ನಮ್ಮ ಅಜ್ಜಿಗೆ ಕೊಟ್ಟದ್ದು ಬಿಕ್ಕಳಿಕೆ ಬಂದ ಮೊಮ್ಮಗನಿಗೆ ಒಂದು ಲೋಟ ನೀರು.

ಇಂಥ ಅಜ್ಜಿಯ ಮೊಮ್ಮಗ ನಾನು ಏನು ಮಾಡಿದೆ? ಮಾರನೇ ವರ್ಷ ಪಿಳ್ಳಪ್ಪ ಬಂದು, "ಮೆಟ್ಟೆ ಸಮೇತ ಬಂದೈತೆ, ನೋಡ್ ಬನ್ನಿ ಮೇಷ್ಟ್ರೇ" ಎಂದು ಕರೆದ. ಮಧ್ಯಾವಧಿ ಪರೀಕ್ಷೆ ಇದೆ ಎಂದೆ. ಅದರ ಮರುವರ್ಷ ಕರೆದ. ಯಾವುದೋ ತರಬೇತಿ. ಆಮೇಲಿನ ವರ್ಷ ಮೊಣಕಾಲು. ಕೊರೋನಾ ಬಂದು ಊರೂರು ಬೇಲಿ ಹಾಕಿಕೊಂಡಿದ್ದ ವರ್ಷವೂ ಆ ಹಕ್ಕಿ ಪಾಸಿಲ್ಲದೆ, ಮಾಸ್ಕಿಲ್ಲದೆ ಅಷ್ಟೂ ದೇಶಗಳ ಗಡಿ ದಾಟಿ ಬಂತು. ನನಗೆ ನಮ್ಮ ಬೀದಿ ದಾಟಲು ಆಗಲಿಲ್ಲ. ಮನೆಯಿಂದ ತೂಬಿಗೆ ಹದಿನೈದು ನಿಮಿಷದ ದಾರಿ. ಒಬ್ಬ ನೀರುಗಂಟಿ ಹೇಳಿದ ಎಂದು ಎದ್ದು ಹೋಗಿ, ಅಲ್ಲಿ ನಿಜಕ್ಕೂ ತಂತಿಯ ಹಕ್ಕಿ ಇದ್ದುಬಿಟ್ಟರೆ ಆ ಅರ್ಧ ಗಂಟೆಯ ಪಾಠದ ಗತಿಯೇನು ಎಂಬುದು ನಿಜವಾದ ಮೊಣಕಾಲು ನೋವು.

ತಮಾಷೆ ಏನೆಂದರೆ ನಿವೃತ್ತಿಯಾದ ಮೇಲೆ ನಾನು ಪಕ್ಷಿವೀಕ್ಷಕನಾದೆ. ಬೈನಾಕ್ಯುಲರ್ ಬಂತು, ಜೇಬುಗಳೇ ತುಂಬಿದ ಒಂದು ಅಂಗಿ ಬಂತು, ವಾಟ್ಸಾಪ್ ಗುಂಪು ಬಂತು. ಹೋಳೂರಿಗೆ ಬಸ್ಸಿನಲ್ಲಿ ಹೋಗಿ ಹಕ್ಕಿ ನೋಡಿದೆ, ಆವನಿ ಬೆಟ್ಟ ಹತ್ತಿ ನೋಡಿದೆ. ಗುಂಪಿನಲ್ಲಿ 'ನಮ್ಮ ಕೆರೆಯಲ್ಲೂ ವಲಸೆ ಹಕ್ಕಿಗಳಿವೆ' ಎಂದು ಜಂಬ ಕೊಚ್ಚಿಕೊಂಡೆ. ಅದನ್ನು ನೋಡಿ, ಹಕ್ಕಿಗಳಿಗೆ ಉಂಗುರ ಹಾಕುವ ಒಬ್ಬ ಮೇಡಂ, ನಿಮ್ಮ ಕೆರೆಗೆ ಬರುತ್ತೇವೆ ಎಂದು ಬರೆದರು. ಅವರು ಹೊರಗಿನ ರಾಜ್ಯದವರು, ಇಂಗ್ಲಿಷು ಹಿಂದಿ ಬಿಟ್ಟರೆ ಬೇರೆ ಬಾರದು. ಊರಿನ ಜನರೊಂದಿಗೆ ಮಾತಾಡಲು ನೀವೇ ನಮ್ಮ ದುಭಾಷಿ ಎಂದರು. ನಾನು ಅಂಗಿಯ ಜೇಬುಗಳನ್ನೆಲ್ಲ ಇಸ್ತ್ರಿ ಮಾಡಿಸಿದೆ.

ಹಾಲಿನ ಡೈರಿಯ ಗೋಡೆಗೆ ಒಂದು ಚೀಟಿ ಅಂಟಿಸಿದ್ದೂ ನಾನೇ: 'ಭಾನುವಾರ ಬೆಳಿಗ್ಗೆ ನಮ್ಮ ಕೆರೆಯಲ್ಲಿ ಹಕ್ಕಿಗಳಿಗೆ ರಿಂಗ್ ಹಾಕಲಾಗುವುದು.' ಅದೇ ಸಂಜೆ ಪಂಚಾಯ್ತಿ ಮೆಂಬರು ಮನೆಗೆ ಬಂದರು. "ಸಾರ್, ರಿಂಗ್ ಎಷ್ಟು ಸ್ಯಾಂಕ್ಷನ್ ಆಗಿದೆ? ನಮ್ಮ ತೋಟದ ಬಾವಿಗೂ ಒಂದಾರು ಇಳಿಸಿಕೊಡಿ" ಎಂದರು. ಬಾವಿಗೆ ಇಳಿಸುವ ಸಿಮೆಂಟಿನ ಬಳೆಗೂ ನಮ್ಮಲ್ಲಿ ರಿಂಗ್ ಎಂದೇ ಹೆಸರು. ಅದನ್ನು ಹಕ್ಕಿಗೆ ಯಾಕೆ ಹಾಕುತ್ತಾರೆ ಎಂಬ ಅನುಮಾನ ಅವರಿಗೆ ಬರಲಿಲ್ಲ, ಯೋಜನೆಗಳ ಹೆಸರು ಹೇಗೆ ಬೇಕಾದರೂ ಇರುತ್ತದೆ ಎಂಬ ಅನುಭವಸ್ಥರು ಅವರು. ಡೈರಿಗೆ ಹಾಲು ಹಾಕುವ ಹೆಂಗಸರು, ಹಕ್ಕಿಗೆ ಫೋನಿನಲ್ಲಿ ರಿಂಗ್ ಕೊಟ್ಟರೆ ಅದು ಎತ್ತುತ್ತದಾ, ಬರೀ ಮಿಸ್ಡ್ ಕಾಲಾ ಎಂದು ಮಾತಾಡಿಕೊಂಡರಂತೆ. ಚೀಟಿಯನ್ನು ಸರಿಯಾಗಿ ಅರ್ಥಮಾಡಿಕೊಂಡದ್ದು ಓದಲು ಬಾರದ ಪಿಳ್ಳಪ್ಪ ಒಬ್ಬನೇ. "ಅವರೂ ಮೆಟ್ಟೆ ಹಾಕ್ತಾರಾ ಮೇಷ್ಟ್ರೇ?" ಎಂದು ಕೇಳಿದ. ಅವನ ಮುಖದಲ್ಲಿ, ತನ್ನ ಕಸುಬಿನವರೇ ಇನ್ನೂ ಯಾರೋ ಇದ್ದಾರೆ ಎಂಬ ಸಂತೋಷ ಇತ್ತು.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಕಾಲುವೆಗೆ ಅಡ್ಡವಾಗಿ ಬಲೆ ಕಟ್ಟಿಯಾಗಿತ್ತು. ಪಿಳ್ಳಪ್ಪನೂ ಮೆಂಬರೂ ಆಗಲೇ ಬಂದು ನಿಂತಿದ್ದರು. ಕೂದಲಿನಷ್ಟು ತೆಳುವಾದ ಬಲೆ, ನಾನೇ ಎರಡು ಸಲ ಸಿಕ್ಕಿಕೊಂಡೆ. ಮೇಡಂ ನಗಲಿಲ್ಲ, ಒಳ್ಳೆಯವರು. ಮೊದಲು ಯಾವುದೋ ಎರಡು ಸಣ್ಣ ಹಕ್ಕಿಗಳು ಬಂದವು. ಅವುಗಳನ್ನು ಬಟ್ಟೆಯ ಚೀಲದಲ್ಲಿ ತೂಗಿ, ರೆಕ್ಕೆಯನ್ನು ಅಳೆಯುವ ಪಟ್ಟಿಯ ಮೇಲಿಟ್ಟು ನೋಡಿ, ಕಾಲಿಗೆ ಬಳೆ ಒತ್ತಿ, ಹಾರಿಬಿಟ್ಟರು. ಮೂರನೆಯದು ಆ ಗೊರವ.

ಮೇಡಂ ಅದನ್ನು ಅಂಗೈಯಲ್ಲಿ ಮಲಗಿಸಿಕೊಂಡು ಕಾಲು ನೋಡಿದವರು ಗಕ್ಕನೆ ನಿಂತರು. ಎಡಗಾಲಿನಲ್ಲಿ ತಾಮ್ರದ ತಂತಿ. ವರ್ಷಗಳ ಕೆಸರಿನಲ್ಲಿ ತಿರುಗಿ ತಿರುಗಿ ಕಪ್ಪಾಗಿದ್ದರೂ ಉಜ್ಜಿದ ಕೊನೆಗಳು ಹಾಗೇ ಇದ್ದವು. ಎಂಟು ಚಳಿಗಾಲ ನಾನು ನೋಡಲು ಹೋಗದ ಸಾಕ್ಷಿ ನನ್ನ ಮೂಗಿನ ಮುಂದೆ ಕಾಲು ಒದರುತ್ತಿತ್ತು.

"ಇದು ಯಾವನೋ ಬೇಟೆಯವನ ಉರುಲು. ಯಾರು ಹಾಕಿದ್ದು, ಇವರಿಗೇನಾದರೂ ಗೊತ್ತಾ?" ಎಂದು ಮೇಡಂ ಪಿಳ್ಳಪ್ಪನ ಕಡೆ ತೋರಿಸಿ ಇಂಗ್ಲಿಷಿನಲ್ಲಿ ಕೇಳಿದರು. ಅವರ ದನಿಯಲ್ಲಿ ಸಿಟ್ಟಿತ್ತು.

ಪಿಳ್ಳಪ್ಪನಿಗೆ ಸಿಟ್ಟು ಅರ್ಥವಾಗಲಿಲ್ಲವೋ, ಅರ್ಥವಾದರೂ ಸಂತೋಷ ಅದಕ್ಕಿಂತ ದೊಡ್ಡದಿತ್ತೋ, ಒಂದು ಹೆಜ್ಜೆ ಮುಂದೆ ಬಂದ. ಖುಷಿಯಾದರೆ ಅವನ ಬಾಯಲ್ಲಿ ಕನ್ನಡ ಹೋಗಿ ತೆಲುಗು ಬರುತ್ತದೆ. "ನೇನೇ ಏಸಿಂದಿ ಅನಿ ಚೆಪ್ಪಂಡಿ ಮೇಷ್ಟ್ರೇ. ಎನಿಮಿದೇಂಡ್ಲು ಆಯ." ನಾನೇ ಹಾಕಿದ್ದು ಅಂತ ಹೇಳಿ, ಎಂಟು ವರ್ಷ ಆಯ್ತು.

ಹೇಳಬೇಕಾಗಿದ್ದದ್ದು ಅಷ್ಟೇ. ಒಂದು ವಾಕ್ಯ. ಆದರೆ ಅದು ಅಲ್ಲಿಗೆ ನಿಲ್ಲುವುದಿಲ್ಲ ಎಂದು ನನ್ನ ತಲೆ ಓಡಿತು. ಎಂಟು ವರ್ಷದಿಂದ ಇದೇ ಹಕ್ಕಿ ಬರುತ್ತಿದೆಯೇ ಎಂದು ಮೇಡಂ ಬೆರಗಾಗುತ್ತಾರೆ. ಹಾಗಾದರೆ ಪಕ್ಷಿವೀಕ್ಷಕರಾದ ನೀವು ಒಂದು ಸಲವೂ ನೋಡಲಿಲ್ಲವೇ ಎಂದು ಕೇಳುತ್ತಾರೆ. ಜೇಬುಗಳ ಅಂಗಿ ತೊಟ್ಟ ಮನುಷ್ಯ ಏನು ಹೇಳಬೇಕು? ನಾನು ಬಾಯಿಬಿಟ್ಟೆ. "ಹೀ ಡೋಂಟ್ ನೋ ಮೇಡಂ" ಎಂದೆ. ಸುಳ್ಳು ಹೇಳುವ ಆತುರದಲ್ಲಿ ವ್ಯಾಕರಣವೂ ಕೆಟ್ಟಿತು.

ಅವನ ಮೇಲೆ ಬೇಟೆಯ ಕೇಸು ಬೀಳಬಾರದು ಎಂದು ಹಾಗೆ ಹೇಳಿದೆ ಎಂಬುದಾಗಿ ಆಮೇಲೆ ತುಂಬಾ ದಿನ ನನಗೆ ನಾನೇ ಹೇಳಿಕೊಂಡೆ. ನಿಮಗೂ ಹಾಗೇ ಹೇಳಿ ಮರ್ಯಾದೆ ಉಳಿಸಿಕೊಳ್ಳಬಹುದಿತ್ತು. ಅದು ನಿಜವಲ್ಲ. ನನಗೆ ನಾಚಿಕೆಯಾಗಿತ್ತು, ಅಷ್ಟೇ.

ಮೇಡಂ ಪುಟ್ಟ ಇ‌ಕ್ಕಳ ತೆಗೆದು ತಂತಿಯನ್ನು ಕಟ್ ಎನಿಸಿದರು. ಅದು ಕಾಲುವೆಯ ಕೆಸರಿಗೆ ಬಿತ್ತು. ಆ ಕಾಲಿಗೆ ನಂಬರಿದ್ದ ಲೋಹದ ಬಳೆ, ಇನ್ನೊಂದಕ್ಕೆ ದೂರದಿಂದಲೂ ಓದಬಹುದಾದ ಅಕ್ಷರಗಳ ಬಣ್ಣದ ಪಟ್ಟಿ. ಪುಸ್ತಕದಲ್ಲಿ ಬರೆದುಕೊಂಡರು: ಬೆಳೆದ ಹಕ್ಕಿ, ಕನಿಷ್ಠ ಒಂದು ವರ್ಷ, ಹಿಂದಿನ ದಾಖಲೆ ಇಲ್ಲ.

"ಏನಂದ್ರು ಮೇಷ್ಟ್ರೇ?" ಎಂದ ಪಿಳ್ಳಪ್ಪ.

"ಸರಿ ಅಂದ್ರು."

ಅವನು ಹೂಂ ಎಂದು, ಸನಿಕೆ ಎತ್ತಿಕೊಂಡು, ಏರಿ ಹತ್ತಿ ಹೋದ. ಹೊಟ್ಟೆಗೆ ಏನೂ ತಿನ್ನದೆ ಬಂದಿದ್ದ ಎಂದು ಆಮೇಲೆ ಗೊತ್ತಾಯಿತು. ಮೇಡಂ ತಂದಿದ್ದ ಬಿಸ್ಕತ್ತುಗಳನ್ನೆಲ್ಲ ಮೆಂಬರೂ ನಾನೂ ಮುಗಿಸಿದೆವು.

ಮುಂದಿನ ಚಳಿಗಾಲ ಬಂತು. ಪಿಳ್ಳಪ್ಪ ಯಾವತ್ತಿನ ಹಾಗೆ ಜಗಲಿಯ ಕೆಳಗೆ ನಿಂತು, "ಬಂದೈತೆ ಮೇಷ್ಟ್ರೇ" ಎಂದ. ಈ ಸಲ ಮೊಣಕಾಲು ನೋಯಲಿಲ್ಲ. ಚಪ್ಪಲಿ ಕೂಡ ಸರಿಯಾಗಿ ಮೆಟ್ಟದೆ ಓಡಿದೆ. ಅದೇ ಕಲ್ಲಿನ ಮೇಲೆ ಹಿಂಭಾಗ ಆಡಿಸುತ್ತಾ ನಿಂತಿತ್ತು. ಕಾಲಿನಲ್ಲಿ ಬಣ್ಣದ ಪಟ್ಟಿ. ಅಕ್ಷರಗಳನ್ನು ಓದಿ, ಫೋಟೋ ತೆಗೆದು, ಮೇಡಂಗೆ ಕಳಿಸಿದೆ. ವಾರದೊಳಗೆ ಆ ಪ್ರಶಂಸಾಪತ್ರ ಬಂತು. ಮುಳಬಾಗಿಲಿನ ಪರಿಚಯದವರೊಬ್ಬರು ಅದನ್ನು ಪತ್ರಿಕೆಗೂ ಮುಟ್ಟಿಸಿದರು. 'ಮರಳಿ ಬಂದ ಎರಡು ವರ್ಷದ ವಿದೇಶಿ ಹಕ್ಕಿ: ನಿವೃತ್ತ ಶಿಕ್ಷಕರ ಸಂಶೋಧನೆ' ಎಂಬ ಶೀರ್ಷಿಕೆ, ಅದರ ಕೆಳಗೆ ನನ್ನ ಫೋಟೋ. ಹಕ್ಕಿಯದಕ್ಕಿಂತ ದೊಡ್ಡದಾಗಿತ್ತು.

ಹದಿನೈದು ದಿನ ಹೇಗೆ ಕಳೆಯಿತು ಎಂದು ಮೊದಲೇ ಹೇಳಿದ್ದೇನೆ. ಹದಿನಾರನೇ ದಿನ ನಾನು ಬೈನಾಕ್ಯುಲರ್ ಕುತ್ತಿಗೆಗೆ ಹಾಕಿಕೊಂಡು ತೂಬಿನ ಕಡೆ ಹೋದಾಗ ಪಿಳ್ಳಪ್ಪ ಕಲ್ಲಿನ ಮೇಲೆ ಕೂತಿದ್ದ. ಎದ್ದು ನಿಲ್ಲಲಿಲ್ಲ. ಎಂದೂ ಹಾಗೆ ಮಾಡಿದವನಲ್ಲ.

"ಎರಡು ವರ್ಷನಾ ಮೇಷ್ಟ್ರೇ ಅದಕ್ಕೆ?" ಎಂದ.

ನಾನು ಕುತ್ತಿಗೆಯ ಬೈನಾಕ್ಯುಲರ್ ತೆಗೆದು ಕೈಯಲ್ಲಿ ಹಿಡಿದುಕೊಂಡೆ.

"ಡೈರಿ ತಾವ ಪೇಪರ್ ಓದಿದ್ರು. ಎಲ್ಲಾ ನಗ್ತಾವ್ರೆ. ಪಿಳ್ಳಪ್ಪ ಒಂಬತ್ತೊರ್ಸ ಅಂತಿದ್ದ, ಸೈನ್ಸು ಎರಡೇ ಅಂತೈತೆ, ಇಷ್ಟು ದಿನ ನೀರಿನ ಪಾಲು ಹೆಂಗೆ ಲೆಕ್ಕ ಹಾಕ್ತಿದ್ನೋ ಅಂತ." ಕಾಲುವೆಯನ್ನೇ ನೋಡುತ್ತಾ ಅವನು ಮುಂದುವರಿಸಿದ. "ನಮ್ಮಪ್ಪನ ಕಾಲದಿಂದ್ಲೂ ನಮಗೆ ಹೊಲ ಕಡ್ಮೆ, ಮನೆ ಸಣ್ಣದು, ಏನ್ ಬೇಕಾದ್ರೂ ಅಂದವ್ರೆ. ತೂಬಿನ ವಿಷಯದಾಗೆ ಮಾತ್ರ ನಮ್ಮ ಮನೆ ಮಾತು ಸುಳ್ಳು ಅಂತ ಯಾರೂ ಅಂದಿರ್ಲಿಲ್ಲ."

ಅವನ ಪಕ್ಕದಲ್ಲಿ ಕೂತೆ. ಅವನ ಪಕ್ಕದಲ್ಲಿ ನಾನು ಕೂತದ್ದು ಅದೇ ಮೊದಲು ಎಂದು ಕೂತ ಮೇಲೆ ಹೊಳೆಯಿತು. "ಪಿಳ್ಳಪ್ಪ, ಅವತ್ತು ಮೇಡಂ ಕೇಳಿದಾಗ, ನೀನು ಹೇಳು ಅಂದದ್ದನ್ನ ನಾನು ಹೇಳಲಿಲ್ಲ."

"ಗೊತ್ತು ಬಿಡಿ ಮೇಷ್ಟ್ರೇ."

"ಏನು ಗೊತ್ತು?"

"ಡೋಂಟ್ ನೋ ಅಂದ್ರಲ್ಲ. ನಮ್ಮ ಹುಡ್ಗಿ ನಿಮ್ಮ ಕ್ಲಾಸಿನಾಗೆ ಓದೋವಾಗ, ನೀವು ಕೇಳಿದ್ರೆ ಹೇಳ್ಬೇಕು ಅಂತ, ಐ ಡೋಂಟ್ ನೋ ಸಾರ್, ಐ ಡೋಂಟ್ ನೋ ಸಾರ್ ಅಂತ ದಿನಾ ಉರು ಹೊಡೀತಿದ್ಲು. ಅದೊಂದು ಇಂಗ್ಲೀಷು ನಮ್ಮ ಮನೇಲಿ ಎಲ್ರಿಗೂ ಬತ್ತೈತೆ."

ನನ್ನ ಪಾಠದಿಂದ ಆ ಮನೆಗೆ ಹೋದ ವಿದ್ಯೆ ಅದೊಂದೇ ಎಂದು ತಿಳಿದು, ನಗಬೇಕಾದ ಕಡೆ ನನಗೆ ನಗು ಬರಲಿಲ್ಲ. "ಗೊತ್ತಿದ್ದೂ ಅವತ್ತೇ ಯಾಕೆ ಸುಮ್ಮನಿದ್ದೆ?"

"ಇನ್ನೇನ್ಮಾಡೋದು? ಆವಮ್ಮ ನಿಮ್ಮನ್ನ ನಂಬ್ಕಂಡು ಬಂದಿದ್ಲು. ಹೊರಗ್ಲಿಂದ ಬಂದೋರ ಮುಂದೆ ನಮ್ಮೂರ ಮೇಷ್ಟ್ರು ಸುಳ್ಳ ಅನ್ನಿಸ್ಕಬಾರ್ದು ಅಂತ ಸುಮ್ಕಾದೆ."

ಅವನನ್ನು ಕೇಸಿನಿಂದ ಕಾಪಾಡಿದೆ ಎಂದು ನಾನು ಒಂದು ವರ್ಷ ಮೀಸೆ ತಿರುವಿಕೊಂಡಿದ್ದೆ. ಅಷ್ಟೂ ದಿನ ನನ್ನ ಮಾನ ಅವನ ಬಾಯೊಳಗೆ ಭದ್ರವಾಗಿತ್ತು. ಅದಕ್ಕಾಗಿ ಅವನು ತನ್ನ ಎಂಟು ವರ್ಷಗಳನ್ನು ಕೆಸರಿಗೆ ಬಿಟ್ಟಿದ್ದ.

ಅಲ್ಲೇ ಮೇಡಂಗೆ ಫೋನ್ ಮಾಡಿದೆ. ಮನೆಗೆ ಹೋಗಿ ಮಾಡೋಣ ಎಂದುಕೊಂಡಿದ್ದರೆ ಮತ್ತೆ ಮೊಣಕಾಲು ನೋವು ಬರುತ್ತಿತ್ತು. ತಂತಿ ಹಾಕಿದವನು ಇವನೇ, ಇವನು ಬೇಟೆಯವನಲ್ಲ ಎಂದೆ. ಆ ಕಡೆ ಪುಸ್ತಕದ ಹಾಳೆ ಮಗುಚುವ ಸದ್ದು ಕೇಳಿತು. ಆಮೇಲೆ ಮೇಡಂ, ತಂತಿ ಇಲ್ಲದೆ ದಾಖಲೆಯ ವಯಸ್ಸನ್ನು ಬದಲಾಯಿಸಲು ಬರುವುದಿಲ್ಲ, ಆದರೆ ಷರಾ ಬರೆಯುವ ಕಾಲಂ ಒಂದಿದೆ, ಅದರಲ್ಲಿ ಅವರ ಹೆಸರಿನಲ್ಲೇ ಅವರ ಮಾತು ಬರೆಯುತ್ತೇನೆ ಎಂದರು. ಅವರು ಹೇಳಲಿ, ನೀವು ಒಂದೊಂದೇ ವಾಕ್ಯ ಇಂಗ್ಲಿಷಿನಲ್ಲಿ ಹೇಳುತ್ತಾ ಹೋಗಿ, ಏನನ್ನೂ ಬಿಡಬೇಡಿ ಎಂದು ಎರಡು ಸಲ ಹೇಳಿದರು.

ಫೋನನ್ನು ಸ್ಪೀಕರಿಗೆ ಹಾಕಿ ಕಲ್ಲಿನ ಮೇಲಿಟ್ಟೆ. ಪಿಳ್ಳಪ್ಪ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ, ಮಡಚಿ ತೊಡೆಯ ಮೇಲಿಟ್ಟುಕೊಂಡು, ಪಂಚಾಯ್ತಿಯ ಮುಂದೆ ಸಾಕ್ಷಿ ಹೇಳುವವನ ಹಾಗೆ ನೆಟ್ಟಗೆ ಕೂತ. ಬಲೆಗೆ ಸಿಕ್ಕಿದ್ದು ಹೇಳಿದ, ನಾನು ಹೇಳಿದೆ. ಮೋಟಾರಿನ ತಂತಿ, ಎಡಗಾಲು, ಕೊನೆ ಉಜ್ಜಿದ್ದು. ಕೆರೆ ಒಣಗಿದ ವರ್ಷ ಪಕ್ಕದ ಹಿಪ್ಪುನೇರಳೆ ತೋಟದವರ ಬೋರ್‌ವೆಲ್ಲಿನಿಂದ ಕೇಳಿ ಹೊಂಡಕ್ಕೆ ನೀರು ಬಿಡಿಸಿದ್ದು. ಕೊರೋನಾ ವರ್ಷ ಬಂದದ್ದು. ಒಂದು ವರ್ಷ ತಡವಾಗಿ, ಒಂದು ರೆಕ್ಕೆ ಸವೆದು ಬಂದದ್ದು. ಮೇಡಂ ಬರೆದುಕೊಳ್ಳುವ ಸದ್ದು ಕೇಳುತ್ತಿತ್ತು. ಒಂಬತ್ತೂ ಚಳಿಗಾಲ ಮುಗಿದವು.

"ಮತ್ತೇನಾದರೂ ಇದೆಯಾ?" ಎಂದರು ಮೇಡಂ.

ಪಿಳ್ಳಪ್ಪ ಸ್ವಲ್ಪ ಯೋಚಿಸಿದ. "ಪ್ರತಿ ವರ್ಷ ಮೇಷ್ಟ್ರಿಗೆ ಹೇಳ್ದೆ, ಮೇಷ್ಟ್ರು ನೋಡಕ್ ಬರ್ಲಿಲ್ಲ ಅನಿ ಚೆಪ್ಪಂಡಿ" ಎಂದ. ಅವನ ಮುಖದಲ್ಲಿ ಕುಹಕ ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಏನನ್ನೂ ಬಿಡಬೇಡಿ ಎಂದು ಹೇಳಿದ್ದಕ್ಕೆ ಅವನು ಬಿಟ್ಟಿರಲಿಲ್ಲ, ಅಷ್ಟೇ.

"ಎವ್ರಿ ಇಯರ್ ಹೀ ಟೋಲ್ಡ್ ದಿ ಟೀಚರ್" ಎಂದು ಶುರುಮಾಡಿದೆ. ಮೇಡಂ ಕಾಯುತ್ತಿದ್ದರು, ಪಿಳ್ಳಪ್ಪ ನನ್ನ ಬಾಯನ್ನೇ ನೋಡುತ್ತಿದ್ದ. ನಿಲ್ಲಿಸಿ, 'ದಿ ಟೀಚರ್' ಅನ್ನು ತೆಗೆದುಹಾಕಿ, ಮೊದಲಿನಿಂದ ಹೇಳಿದೆ. "ಎವ್ರಿ ಇಯರ್ ಹೀ ಟೋಲ್ಡ್ ಮೀ, ಮೇಡಂ. ಐ ಡಿಡ್ ನಾಟ್ ಕಮ್."